ದೊಡ್ಡ ಸೊಸೆಯ ಡಿಸ್ಕ್

ಆ ಕಸೂತಿ ಕಾರ್ಖಾನೆಯ ಕಂಪ್ಯೂಟರಿಗೆ ಒಡೆಯರು ಮನೆಮಂದಿಯೆಲ್ಲ. ಆದರೆ ದಿಕ್ಕು ಎಂದರೆ ದೊಡ್ಡ ಸೊಸೆ ಒಬ್ಬಳೇ. ಆಸ್ಪತ್ರೆ, ಶಾಲೆಗಳ ಸಮವಸ್ತ್ರಕ್ಕೆ ಬ್ಯಾಡ್ಜ್ ಹೊಲಿಯುವುದು ಆ ಮನೆಯ ಕೆಲಸ. ನಾಲ್ಕು ಕಸೂತಿ ಯಂತ್ರಗಳಿಗೂ ವಿನ್ಯಾಸ ಕೊಡುವುದು ಕಿಟಕಿ ಪಕ್ಕದ ಆ ಒಂದು ಕಂಪ್ಯೂಟರ್. ಹನ್ನೊಂದು ವರ್ಷದ ಹಿಂದೆ ವೈರಸ್ ಹೊಕ್ಕು ವಿನ್ಯಾಸಗಳೆಲ್ಲ ನೀರುಪಾಲಾದಾಗ ಮನೆಯ ಗಂಡಸರು ತಲೆಯ ಮೇಲೆ ಕೈ ಹೊತ್ತು ಕೂತರು. ಇವಳು ಲೈಬ್ರರಿಯಿಂದ ಪುಸ್ತಕ ತಂದು, ಒಲೆಯ ಮುಂದೆ ನಿಂತೇ ಓದಿ, ಎರಡು ಸಲ ಹಾಲು ಉಕ್ಕಿಸಿ, ಮೂರನೆಯ ದಿನ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶವನ್ನು ತಾನೇ ಹಾಕಿದಳು. ಅಂದಿನಿಂದ ಕೆಲಸದವರ ಬಾಯಲ್ಲಿ ಅವಳು ‘ಡಾಕ್ಟ್ರಮ್ಮ’. ರೂಟ್ ಪಾಸ್‌ವರ್ಡ್, ಎಂದರೆ ಆ ಯಂತ್ರದ ಎಲ್ಲ ಬೀಗಕ್ಕೂ ಆಗುವ ಒಂದೇ ಕೀಲಿ, ಕಟ್ಟಿಕೊಂಡ ಗಂಡನಿಗೂ ಗೊತ್ತಿರಲಿಲ್ಲ.

ಎಂಟು ತಿಂಗಳ ಹಿಂದೆ ಮೈದುನನ ಹೆಂಡತಿ ಬಂದಳು. ಕಂಪ್ಯೂಟರ್ ಓದಿದವಳು, ಮಾತು ಮೆತ್ತಗೆ. ಬಂದ ತಿಂಗಳಲ್ಲೇ ನಾಲ್ಕು ಗಂಟೆಯ ಬ್ಯಾಡ್ಜ್ ಕೆಲಸವನ್ನು ಒಂದು ಗಂಟೆಗೆ ಇಳಿಸಿದಳು. ‘ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ’ ಎಂದುಕೊಂಡು ದೊಡ್ಡವಳು ಕಾದಳು. ಎಂಟು ತಿಂಗಳಾದರೂ ಆ ಗೋಣಿ ಕೆಳಗಿಳಿಯಲೇ ಇಲ್ಲ. ಕೆಲಸದವರು “ಚಿಕ್ಕಮ್ಮಾವ್ರನ್ನ ಕೇಳಿ” ಎನ್ನತೊಡಗಿದಾಗ ಇವಳಿಗೆ ಅನ್ನ ಸೇರದಂತಾಯಿತು. ಹೊಟ್ಟೆಕಿಚ್ಚು ಎನ್ನುವುದಕ್ಕೆ ಬೇರೆ ಹೆಸರಿಡುವುದು ಬೇಡ, ಅದು ಹೊಟ್ಟೆಕಿಚ್ಚೇ.

ಶನಿವಾರ ಸಂಜೆ ಅತ್ತೆ ಎಲ್ಲರೆದುರು ಅಂದುಬಿಟ್ಟರು: “ಸೋಮವಾರದಿಂದ ಕಂಪ್ಯೂಟರ್ ಮುಂದೆ ಚಿಕ್ಕವಳೂ ಕೂರ್ಲಿ. ಯಾರ ಕೈ ಓಡುತ್ತೋ ನೋಡಿ, ಆಮೇಲೆ ಕುರ್ಚಿ ಒಬ್ಬರಿಗೆ ಅಂತ ಮಾಡೋಣ.”

ಎಲ್ಲರೂ ಊಟಕ್ಕೆ ಎದ್ದ ಮೇಲೆ ದೊಡ್ಡವಳು ಕಂಪ್ಯೂಟರನ್ನು ಆರಿಸಿ, ಪಕ್ಕದಲ್ಲಿ ಸದಾ ತಂತಿಯಿಂದ ಜೋಡಿಸಿರುತ್ತಿದ್ದ ತನ್ನ ಅಂಗೈಯಗಲದ ಡಿಸ್ಕನ್ನು ಕಿತ್ತು, ಸೆರಗಿನಲ್ಲಿ ಮುಚ್ಚಿ ಒಯ್ದು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟಳು. ಹನ್ನೊಂದು ವರ್ಷದ ಅವಳ ಕೈಕೆಲಸವೆಲ್ಲ ಅದರಲ್ಲಿತ್ತು; ಸದ್ಯ ಹೊಲಿಯಬೇಕಾದ ವಿನ್ಯಾಸ ಮಾತ್ರ ಕಂಪ್ಯೂಟರಿನಲ್ಲೇ ಇತ್ತು. ನಾನು ಬಿತ್ತಿದ್ದನ್ನು ಅವಳು ಯಾಕೆ ಕೊಯ್ಯಬೇಕು? ಇಷ್ಟೇ ಅವಳ ಲೆಕ್ಕ. ಯಂತ್ರ ಕೆಡಿಸುವ ಯೋಚನೆ ದೇವರಾಣೆ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಚಿಕ್ಕವಳು ಗುಂಡಿ ಒತ್ತಿದಳು. ಪರದೆಯ ಮೇಲೆ ಬಿಳಿ ಅಕ್ಷರ ಸಾಲುಸಾಲಾಗಿ ಓಡಿ, ನಡುವೆಯೇ ನಿಂತುಬಿಟ್ಟಿತು. ಮತ್ತೆ ಹಾಕಿದಳು, ಮತ್ತೆ ಅಲ್ಲೇ. ಆಸ್ಪತ್ರೆಯ ಇನ್ನೂರು ಕೋಟುಗಳು ಸಂಜೆಗೆ ಹೋಗಬೇಕು. ನಾಲ್ಕೂ ಯಂತ್ರದವರು ಕೈಕಟ್ಟಿ ನಿಂತರು. ದೊಡ್ಡವಳು ಒಳಗೊಳಗೇ ಹಿಗ್ಗಿದಳು. ನಾನು ಇದ್ದಾಗ ಒಂದು ದಿನ ನಿಂತಿತ್ತೇ? ಇವಳ ಕೈ ಸೋಕಿತು, ನಿಂತಿತು!

ಚಿಕ್ಕವಳು ತಂತಿಗಳನ್ನು ಬಿಚ್ಚಿ ಹಾಕಿದಳು, ಮೆಮೊರಿ ಕಿತ್ತು ಒರೆಸಿ ಕೂರಿಸಿದಳು. ಬಳಿಕ ಅವಸರ ಬಿಟ್ಟು ಪರದೆಯನ್ನೇ ನೋಡುತ್ತ ಕೂತಳು. “ಅಕ್ಕ, ಇದು ಸತ್ತಿಲ್ಲ. ಯಾವುದೋ ಡಿಸ್ಕಿಗೆ ಕಾಯ್ತಿದೆ. ತೊಂಬತ್ತು ಸೆಕೆಂಡ್ ಎಣಿಸಿ ಕೈಚೆಲ್ಲುತ್ತೆ, ನೋಡಿ.”

ದೊಡ್ಡವಳಿಗೆ ಆಗ ಹೊಳೆಯಿತು. ಶುರುವಾಗುವಾಗ ಯಾವ್ಯಾವ ಡಿಸ್ಕ್ ಜೋಡಿಸಿಕೊಳ್ಳಬೇಕು ಎಂಬ ಪಟ್ಟಿಯೊಂದು ಯಂತ್ರದೊಳಗಿರುತ್ತದೆ. ಅದರಲ್ಲಿ ತನ್ನ ಡಿಸ್ಕಿನ ಹೆಸರನ್ನು ಎಂದೋ ಸೇರಿಸಿ ಮರೆತವಳು ಅವಳೇ.

“ರಿಪೇರಿಗೆ ರೂಟ್ ಪಾಸ್‌ವರ್ಡ್ ಕೇಳ್ತಿದೆ, ಅಕ್ಕ.”

“ನೆನಪಿಲ್ಲ” ಎಂದಳು. ಎಲ್ಲರೆದುರು ಬೀರುವಿನಿಂದ ಡಿಸ್ಕ್ ತರುವುದಕ್ಕಿಂತ ಸುಳ್ಳು ಹಗುರವಾಗಿ ಕಂಡಿತು.

ಚಿಕ್ಕವಳು ತನ್ನ ಚೀಲದಿಂದ ಪೆನ್‌ಡ್ರೈವ್ ತೆಗೆದಳು. ಅದರಲ್ಲೇ ಒಂದು ಲಿನಕ್ಸ್ ಇತ್ತು, ಅದಕ್ಕೆ ಈ ಪಾಸ್‌ವರ್ಡ್ ಬೇಕಿರಲಿಲ್ಲ. ಕಂಪ್ಯೂಟರನ್ನು ಅದರಿಂದ ಎಬ್ಬಿಸಿ, ಒಳಗಿನ ಪಟ್ಟಿಯನ್ನು ತೆರೆದಳು. ಕೊನೆಯ ಸಾಲಿನ ಮೇಲೆ ದೊಡ್ಡವಳ ಟಿಪ್ಪಣಿ: ‘ಇದು ನನ್ನ ಡಿಸ್ಕ್. ಯಾರೂ ಮುಟ್ಟಬಾರದು.’ ಚಿಕ್ಕವಳು ಅದನ್ನು ಓದಿದಳು. ಮೇಜಿನ ಧೂಳಿನ ನಡುವೆ ಅಂಗೈಯಗಲ ಸ್ವಚ್ಛವಾಗಿದ್ದ ಜಾಗವನ್ನು ನೋಡಿದಳು. ಆಮೇಲೆ ಆ ಸಾಲಿನ ಮುಂದೆ, ಯಂತ್ರ ಅದನ್ನು ಓದದಂತೆ, ಒಂದು ಚಿಹ್ನೆ ಹಾಕಿ ಮತ್ತೆ ಗುಂಡಿ ಒತ್ತಿದಳು. ಕಂಪ್ಯೂಟರ್ ಎದ್ದಿತು. ಕೆಲಸದವರು ಹೋ ಎಂದರು.

“ಏನಾಗಿತ್ತೇ?” ಅತ್ತೆ ಕೇಳಿದರು.

“ಸಣ್ಣದು ಅತ್ತೆ. ಅಕ್ಕ ಒಳಗೆ ಟಿಪ್ಪಣಿ ಬರೆದಿಟ್ಟಿದ್ರು, ಅದರಿಂದ ಸಿಕ್ತು. ಇಲ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ.”

ಅತ್ತೆ ದೊಡ್ಡವಳ ಬೆನ್ನು ತಟ್ಟಿದರು. ಚಿಕ್ಕವಳ ಕಡೆ ತಿರುಗಿ, “ಎಂಥ ಗುಣ ನಿಂದು!” ಎಂದರು.

ಅಲ್ಲಿಗೆ ಮುಗಿಯಿತು. ಬೇರೆಯವರಾಗಿದ್ದರೆ ಬದುಕಿದೆಯಾ ಬಡಜೀವವೇ ಎಂದು ಸುಮ್ಮನಿರುತ್ತಿದ್ದರು. ಇವಳಿಗೆ ಮೈಯೆಲ್ಲ ಉರಿ ಹತ್ತಿತು. ಕೆಲಸದಲ್ಲಿ ಗೆದ್ದಳು, ಇರಲಿ. ಒಳ್ಳೆಯತನದಲ್ಲೂ ನನ್ನನ್ನು ಮೀರಿಸುತ್ತಾಳೆಯೇ? ಇನ್ನು ಸಾಯುವವರೆಗೂ ಇವಳ ದಯೆಯಲ್ಲಿ ಬಾಳಬೇಕೇ? ದಡದಡ ಒಳಗೆ ಹೋದಳು, ಡಿಸ್ಕ್ ತಂದು ಮೇಜಿನ ಮೇಲೆ ಕುಕ್ಕಿದಳು.

“ಟಿಪ್ಪಣಿಯೂ ಇಲ್ಲ, ಮಣ್ಣೂ ಇಲ್ಲ. ಇದನ್ನ ಬಚ್ಚಿಟ್ಟಿದ್ದು ನಾನು. ಯಂತ್ರ ನಿಂತಿದ್ದು ಅದಕ್ಕೇ. ಪಾಸ್‌ವರ್ಡೂ ನೆನಪಿದೆ. ಇವಳಿಗೆ ಎಲ್ಲಾ ಗೊತ್ತಾಗಿದೆ, ನನ್ನ ಮಾನ ಉಳಿಸ್ತಿದಾಳೆ.”

ಆಗಷ್ಟೇ ಓಡತೊಡಗಿದ್ದ ಕಸೂತಿ ಯಂತ್ರಗಳೂ ನಿಂತವು. ಅತ್ತೆ ಡಿಸ್ಕನ್ನು ಕೈಗೆತ್ತಿ ನೋಡಿ ಮತ್ತೆ ಮೇಜಿನ ಮೇಲಿಟ್ಟರು. “ಹಾಗಾದ್ರೆ ನೋಡೋದೇನೂ ಉಳಿದಿಲ್ಲ. ಕುರ್ಚಿ ಇವತ್ತಿಂದ ಚಿಕ್ಕವಳದ್ದು” ಎಂದು ಒಳಗೆ ಹೋದರು.

“ಬೇಡ ಅಕ್ಕ, ನೀವೇ ಕೂತ್ಕೊಳ್ಳಿ” ಎನ್ನುತ್ತ ಚಿಕ್ಕವಳು ಎದ್ದಳು.

“ಸಾಕು ಮಾಡೇ ಮಾರಾಯ್ತಿ! ಒಳ್ಳೆಯವಳಾಗೋದನ್ನ ಒಂದು ಗಳಿಗೆ ನಿಲ್ಲಿಸು. ಬೈಯಿ ನನ್ನ!”

ಚಿಕ್ಕವಳು ಅವಳತ್ತ ತಿರುಗಿ ನಿಂತಳು. “ಬೈಲಾ? ಎಂಟು ತಿಂಗಳಾಯ್ತು, ನಾನು ಕೇಳಿದ್ದಕ್ಕೆ ಒಂದು ದಿನ ನೆಟ್ಟಗೆ ಉತ್ತರ ಕೊಟ್ಟಿದೀರಾ? ನಾನು ಮಾಡಿದ ವಿನ್ಯಾಸಾನ ನನ್ನ ಎದುರೇ ಅಳಿಸಿದ್ರಿ. ಸ್ನಾನದ ಮನೇಲಿ ನಲ್ಲಿ ಬಿಟ್ಕೊಂಡು ಅತ್ತಿದೀನಿ, ನಿಮಗೆ ಕೇಳಿಸಬಾರದು ಅಂತ. ಕೆಟ್ಟ ಹೊಟ್ಟೆ ನಿಮ್ದು, ಅಕ್ಕ, ಕೆಟ್ಟ ಹೊಟ್ಟೆ!”

ದೊಡ್ಡವಳು ಪಕ್ಕದ ಸ್ಟೂಲ್ ಎಳೆದುಕೊಂಡು ಕೂತಳು. ಕುರ್ಚಿ ಹೋದ ಸಂಕಟ ಹೋಗಿರಲಿಲ್ಲ. ಆದರೂ ಎಂಟು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಿತ್ತು.

“ಇನ್ನೂ ಇದೆಯಾ?” ಎಂದು ಕೇಳಿದಳು.

“ಇದೆ” ಎಂದಳು ಚಿಕ್ಕವಳು, ಮೂಗು ಒರೆಸಿಕೊಳ್ಳುತ್ತ.

“ಹೇಳು. ಕೂತಿದೀನಿ.”