ಸತುರ್ನೀನಾಳ ಒರಳು ಮತ್ತು ಊರಿನ ಹೊಸ ಉದ್ಯಾನ

ನಲವತ್ತೊಂದು ವರ್ಷ ಒಂದೇ ಮಾವಿನ ಮರದ ಕೆಳಗೆ ಕೂತಿದ್ದ ಸತುರ್ನೀನಾ ಓವೆಲಾರ್‌ಗೆ, ಅಲ್ಲಿ ತಾನು ಇಲ್ಲವೇ ಇಲ್ಲ ಎಂಬುದು ತಿಳಿದದ್ದು ನಕ್ಷೆ ಬಂದ ಮೇಲೆ.

ವಿಯಾ ಸಾನ್ ರೋಕೆ ಊರಿನ ಉದ್ಯಾನವನ್ನು ‘ಸುಸ್ಥಿರ’ವಾಗಿ ಸುಧಾರಿಸುವ ನಕ್ಷೆ ಅದು. ಪುರಸಭೆಯ ಗೋಡೆಗೆ ಅಂಟಿಸಿದ್ದರು. ಅವಳಿಗೆ ಓದಲು ಬಾರದು. ಬಸ್ ಓಡಿಸುವ ಸೆಲ್ಸೊ ಓದಿ ಹೇಳಿದ. ಬಿಸಿಲಿನಿಂದ ಉರಿಯುವ ದೀಪಗಳಿದ್ದವು, ಹಳೆಯ ಪ್ಲಾಸ್ಟಿಕ್ ಕರಗಿಸಿ ಮಾಡಿದ ಬೆಂಚುಗಳಿದ್ದವು, ನಾಯಿಗಳಿಗೂ ಒಂದು ಮೂಲೆಯಿತ್ತು. ಮಾವಿನ ಮರದ ಮೇಲೊಂದು ಕೆಂಪು ಗೀಟು. ಅವಳು ಕೂರುತ್ತಿದ್ದ ಕಡೆ ‘ಔಷಧಿ ಸಸ್ಯವನ: ಪಾರಂಪರಿಕ ಜ್ಞಾನದ ರಕ್ಷಣೆ’ ಎಂದು ಬರೆದಿತ್ತು.

“ಅಂದ್ರೆ ಏನೋ?”

“ನೀನು ಕುಟ್ಟೋ ಸೊಪ್ಪನ್ನ ಕಾಪಾಡ್ತಾರಂತೆ, ಸತುರ್ನೀನಾ ಅಜ್ಜಿ.”

“ಯಾರಿಂದ?”

ಸೆಲ್ಸೊ ಮತ್ತೊಮ್ಮೆ ಓದಿದ. “ನಿನ್ನಿಂದಲೇ ಇರಬೇಕು,” ಅಂದ.

ಅವಳ ಕೆಲಸ ಇಷ್ಟೇ. ಬೆಳಗಿನ ಐದು ಗಂಟೆಗೆ ಜನ ತಮ್ಮ ತಣ್ಣೀರಿನ ಫ್ಲಾಸ್ಕು ಹಿಡಿದು ಬರುತ್ತಾರೆ. ದಿನವಿಡೀ ಹೀರುವ ತೆರೆರೆ ಎಂಬ ತಣ್ಣನೆಯ ಎಲೆಚಹಾಕ್ಕೆ ಆ ನೀರೇ ಜೀವ. ಅವಳು ಮುಖ ನೋಡುತ್ತಾಳೆ, ನಿದ್ದೆ ಬಂತೇ ಎಂದು ಕೇಳುತ್ತಾಳೆ, ಹೊಟ್ಟೆ ಉರಿಗೊಂದು, ತಲೆ ಭಾರಕ್ಕೊಂದು ಸೊಪ್ಪು ಆರಿಸಿ ಮರದ ಒರಳಿನಲ್ಲಿ ಕುಟ್ಟಿ ನೀರಿಗೆ ಹಾಕುತ್ತಾಳೆ. ಎಂಟೂವರೆಗೆಲ್ಲ ಗಂಟುಕಟ್ಟಿ ಮನೆಗೆ. ಒರಳು ಅವಳ ತಾಯಿಯದು. ತಾಯಿಯೂ ಅದೇ ಬೇರಿನ ಮೇಲೆ ಕೂತು ಕುಟ್ಟಿದವಳು. ಗಂಡ ಗಡಿ ದಾಟಿ ಕೂಲಿಗೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದಾಗಲೂ, ಮರುದಿನ ಐದಕ್ಕೆ ಅವಳು ಆ ಬೇರಿನ ಮೇಲೇ ಇದ್ದಳು. ಬೇರೆಲ್ಲಿ ಕೂರಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ.

ಯೋಜನೆಯ ಹೊಣೆ ಹೊತ್ತವಳು ರಾಜಧಾನಿಯಿಂದ ಬಂದ ಯಾನಿನಾ. ಒಳ್ಳೆಯ ಹುಡುಗಿ, ಯಾರಿಗೂ ಕೇಡು ಬಯಸಿದವಳಲ್ಲ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ವಿವರಿಸಿದಳು.

“ಅಜ್ಜಿ, ಮಾವು ಈ ನೆಲದ ಮರ ಅಲ್ಲ. ಹೊರಗಿಂದ ಬಂದದ್ದು.”

“ನಿನ್ನ ಬೂಟೂ ಹೊರಗಿಂದಲೇ ಬಂದಿದೆ ಮಗಳೇ. ನಾನು ಕಳಚು ಅಂದ್ನಾ?”

“ಇದನ್ನ ತೆಗೆದು ನಮ್ಮದೇ ಲಪಾಚೊ ಮರ ನೆಡ್ತೀವಿ. ಚೆನ್ನಾಗಿ ಹೂ ಬಿಡುತ್ತೆ.”

“ನೆರಳು ಎಷ್ಟೊತ್ತಿಗೆ?”

“ಒಂದು… ಇಪ್ಪತ್ತು ವರ್ಷಕ್ಕೆ.”

“ಆಗ ನನಗೆ ಎಂಬತ್ತೆಂಟು. ಹೇಳಿ ಕಳಿಸು, ಬರ್ತೀನಿ.”

ಕೆಲಸ ಶುರುವಾಯಿತು. ಸತುರ್ನೀನಾಳನ್ನು ಬಸ್ ನಿಲ್ದಾಣದ ಹಿಂದಿನ ಓಣಿಗೆ ಕಳಿಸಿದರು. ಅಲ್ಲಿ ಗೋಡೆಯೇ ನೆರಳು. ಅದೂ ಏಳು ಗಂಟೆಗೆ ಸರಿದುಹೋಗುತ್ತಿತ್ತು, ಸೊಪ್ಪು ಬಾಡುತ್ತಿತ್ತು. ಸಸ್ಯವನಕ್ಕೆ ಬೇಕಾದ ಸಸಿಗಳನ್ನು ಗುತ್ತಿಗೆದಾರ ಎಲ್ಲೆಲ್ಲೋ ಹುಡುಕಿ, ಕೊನೆಗೆ ಅವಳ ಹಿತ್ತಲಿಗೇ ಬಂದ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಉದ್ಯಾನಕ್ಕೆ ಹೋದ ಮೇಲೆ ಆಗುತ್ತದೆ. ನಲವತ್ತು ನಾಗದಾಳಿ ಸಸಿ ಒಯ್ದ. ಅವಳು ಬೇರಿಗೆ ಒದ್ದೆ ಗೋಣಿ ಸುತ್ತಿ ಕೊಟ್ಟಳು. ಗಿಡದ ಮೇಲೇನು ಸಿಟ್ಟು?

ಮರ ಕಡಿಯುವ ಗುತ್ತಿಗೆ ಬೇರೆಯವರದಾದ್ದರಿಂದ ಮಾವು, ಕಾಂಡಕ್ಕೂ ಒಂದು ಕೆಂಪು ಗೀಟು ಬಳಿಸಿಕೊಂಡು, ಎರಡನೇ ಹಂತಕ್ಕೆ ಉಳಿಯಿತು. ಉದ್ಘಾಟನೆಗೆ ಆಗಸ್ಟ್ ಒಂದು ಎಂದು ಪುರಸಭಾಧ್ಯಕ್ಷ ಡಾನ್ ಅಬೆಲಾರ್ದೊ ತಾನೇ ಆರಿಸಿದ. ಅವತ್ತು ಊರಿಗೆ ಊರೇ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರ್ರುಲೀನ್ ಕುಡಿಯುವ ದಿನ: ಕಬ್ಬಿನ ಸಾರಾಯಿ, ನಿಂಬೆ, ನಾಗದಾಳಿ ಸೊಪ್ಪು. ಆಗಸ್ಟ್ ತಿಂಗಳು ಬಡಕಲು ಹಸುವನ್ನೂ ಮುದಿಜೀವಗಳನ್ನೂ ಒಯ್ಯುತ್ತದೆ ಎಂಬುದು ಊರಿನ ನಂಬಿಕೆ. ಆ ಗುಟುಕು ಹೊಟ್ಟೆಗೆ ಬಿದ್ದವರನ್ನು ಮಾತ್ರ ಬಿಟ್ಟುಬಿಡುತ್ತದೆ. ಹೊಸ ವನದ ಮೊದಲ ನಾಗದಾಳಿ ಚಿಗುರನ್ನು ಅಧ್ಯಕ್ಷ ಕಿತ್ತು, ಕ್ಯಾಮೆರಾ ಮುಂದೆ ಬಟ್ಟಲಿಗೆ ಹಾಕಿ ಕುಡಿಯುವುದೆಂದು ತೀರ್ಮಾನವಾಯಿತು. ಎಲ್ಲರಿಗೂ ಇದು ಬಹಳ ಹಿಡಿಸಿತು.

ಆಗಸ್ಟ್ ಒಂದರಂದು, ಬೆಳಕು ಹರಿಯುವ ಹೊತ್ತಿಗೆ, ಸಾರಾಯಿ ಇದ್ದು ಸೊಪ್ಪು ಮರೆತವರೆಲ್ಲ ಪ್ರತಿ ವರ್ಷದಂತೆ ಮಾವಿನ ಬುಡಕ್ಕೆ ಬಂದರು. ಅಲ್ಲಿ ಸತುರ್ನೀನಾ ಇರಲಿಲ್ಲ. ಸಾಲಾಗಿ ನಲವತ್ತು ನಾಗದಾಳಿ ಗಿಡಗಳಿದ್ದವು, ಜೊತೆಗೊಂದು ಫಲಕ: ‘ಈ ವನ ನಿಮ್ಮದು’. ಜನ ಫಲಕವನ್ನು ನಂಬಿದರು.

ಒಂಬತ್ತಕ್ಕೆ ಯಾನಿನಾ ಬಂದು ನೋಡಿದಾಗ ಎಲೆಯಿಲ್ಲದ ಬರೀ ಕಡ್ಡಿಗಳು ನಿಂತಿದ್ದವು. ಉತ್ತರದ ಬಿಸಿಗಾಳಿ ಧೂಳೆಬ್ಬಿಸುತ್ತಿತ್ತು. ಬಿಸಿಲಿಗೆ ಕಾದ ಪ್ಲಾಸ್ಟಿಕ್ ಬೆಂಚಿನ ಮೇಲೆ ಕೂತ ಒಬ್ಬ ಮಾಸ್ತರರು ಹಾರಿ ಎದ್ದರು. ಬ್ಯಾಂಡಿನವರು, ಶಾಲೆಯ ಮಕ್ಕಳು, ಕೊನೆಗೆ ಅಧ್ಯಕ್ಷನ ಕುರ್ಚಿ, ಒಂದೊಂದಾಗಿ ಕೆಂಪು ಗೀಟಿನ ಮಾವಿನ ಕೆಳಗೆ ಸರಿದವು. ಅಧ್ಯಕ್ಷ ಎಪ್ಪತ್ತೊಂದು ದಾಟಿದವನು. ಇನ್ನೂ ಖಾಲಿ ಹೊಟ್ಟೆ.

“ಸೊಪ್ಪಿಲ್ವಾ? ಆಗಸ್ಟ್ ಒಂದಕ್ಕೆ ನನಗೆ ಸೊಪ್ಪಿಲ್ವಾ?” ಅವನ ದನಿ ಮೈಕಿನಲ್ಲಿ ಕೇಳಿತು.

ಯಾನಿನಾ ಓಣಿಗೆ ಓಡಿದಳು. ಸತುರ್ನೀನಾ ಅವತ್ತು ಯಾಕೋ ಮನೆಗೆ ಹೋಗಿರಲಿಲ್ಲ. ಬುಟ್ಟಿಯಲ್ಲಿ ಒಂದು ಕಟ್ಟು ನಾಗದಾಳಿ ಒದ್ದೆ ಬಟ್ಟೆಯೊಳಗೆ ತಣ್ಣಗಿತ್ತು.

“ಅಜ್ಜಿ, ಒಂದೇ ಒಂದು ಚಿಗುರು!”

“ಕೊಡ್ತೀನಿ ತಾಯಿ, ಇವತ್ತು ಇಲ್ಲ ಅನ್ನಬಾರದು. ಆದ್ರೆ ಬಿಸಿಲಲ್ಲಿ ಕುಟ್ಟಿದ್ರೆ ಸತ್ವ ಹೋಗುತ್ತೆ. ನೆರಳಲ್ಲಿ ಕುಟ್ಟಬೇಕು.”

“ಎಲ್ಲಿ?”

ಸತುರ್ನೀನಾ ಬುಟ್ಟಿಯನ್ನು ಯಾನಿನಾಳ ಕೈಗೆ ಕೊಟ್ಟಳು. ಒರಳು ಎತ್ತಿಕೊಂಡು ಮಾವಿನತ್ತ ನಡೆದಳು. ಬೇರಿನ ಮೇಲೆ ಅಧ್ಯಕ್ಷನ ಕುರ್ಚಿಯ ಒಂದು ಕಾಲಿತ್ತು.

“ಸ್ವಲ್ಪ ಜರುಗ್ತೀಯಾ ಡಾನ್ ಅಬೆಲಾರ್ದೊ?”

ಅವನು ಜರುಗಿದ. ಅವಳು ಕುಟ್ಟಿದಳು, ಹೆಚ್ಚೇ ಹೊತ್ತು. ಬಟ್ಟಲು ಅವನ ಕೈ ಸೇರುವ ಮುನ್ನ ಕೇಳಿದಳು: “ಇದು ಒಂದು ವರ್ಷಕ್ಕೆ. ಬರೋ ಆಗಸ್ಟಿಗೆ ಈ ಮರ ಇಲ್ಲದಿದ್ರೆ ಎಲ್ಲಿ ಕುಟ್ಟಲಿ?”

ಸುತ್ತ ಇನ್ನೂರು ಜನ ಆ ನೆರಳಿನಲ್ಲೇ ನಿಂತಿದ್ದರು. “ಕುಡೀರಿ ಅಧ್ಯಕ್ಷರೇ, ತಡ ಮಾಡಿದ್ರೆ ಹಸುವಿನ ಜೊತೆ ಹೋದೀರಿ!” ಎಂದು ಸೆಲ್ಸೊ ಹಿಂದಿನಿಂದ ಕೂಗಿದ.

“ಇಲ್ಲೇ ಕುಟ್ಟು,” ಅಂದ ಅಧ್ಯಕ್ಷ ಮೈಕಿನಲ್ಲೇ, ಮೂರು ಗುಟುಕಿಗೆ ಬಟ್ಟಲು ಬರಿದು ಮಾಡಿದ.

ಯಾನಿನಾ ಬರೆದ ವರದಿಯಲ್ಲಿ ಸುಳ್ಳೇನೂ ಇರಲಿಲ್ಲ. ‘ಸಸ್ಯವನವನ್ನು ಸಮುದಾಯ ಮೊದಲ ದಿನವೇ ಸಂಪೂರ್ಣವಾಗಿ ಬಳಸಿಕೊಂಡಿದೆ. ನೆರಳಿನ ವ್ಯವಸ್ಥೆಯನ್ನು ಹೆಚ್ಚಿನ ಖರ್ಚಿಲ್ಲದೆ ಸಾಧಿಸಲಾಗಿದೆ.’ ಕೆಂಪು ಗೀಟನ್ನು ಸುಣ್ಣ ಬಳಿದು ಅಳಿಸಿದರು. ಕಡ್ಡಿಗಳ ಜಾಗಕ್ಕೆ ಸತುರ್ನೀನಾ ತನ್ನ ಹಿತ್ತಲಿಂದ ಇನ್ನೊಮ್ಮೆ ಸಸಿ ತಂದು ನೆಟ್ಟಳು. ಅವಳ ತಲೆಯ ಮೇಲೊಂದು ಹೊಸ ಫಲಕವೂ ಬಂತು.

“ಏನಂತೆ?” ಎಂದು ಕೇಳಿದಳು.

“‘ಪಾರಂಪರಿಕ ಜ್ಞಾನ ಕೇಂದ್ರ. ಯೋಜನೆಯಡಿ ಹೊಸದಾಗಿ ಸ್ಥಾಪಿತ. ವೀಕ್ಷಣೆಯ ಸಮಯ ಒಂಬತ್ತರಿಂದ ನಾಲ್ಕು,’” ಎಂದು ಸೆಲ್ಸೊ ಓದಿದ. “ನೀನೀಗ ಹೊಸಬಳು, ಅಜ್ಜಿ.”

“ಒಂಬತ್ತಕ್ಕೆ ಯಾವನಿಗೆ ಬೇಕೋ ಸೊಪ್ಪು?”

ತಿಂಗಳ ಬಳಿಕ ರಾಜಧಾನಿಯಿಂದ ತಪಾಸಣೆಯವರು ಬಂದರು. ಹತ್ತು ಗಂಟೆಗೆ. ಫಲಕದ ಕೆಳಗೆ ಒದ್ದೆಯಾದ ಒಂದು ಬೇರು, ನೆಲದಲ್ಲಿ ಚೂರು ಪುದೀನ. ಅದನ್ನೇ ನಾಲ್ಕು ಕೋನದಿಂದ ಫೋಟೊ ತೆಗೆದುಕೊಂಡರು. ಸತುರ್ನೀನಾ ಆ ಹೊತ್ತಿಗೆ ಮನೆಯಲ್ಲಿ ಕಾಲು ಚಾಚಿಕೊಂಡು ತನ್ನ ತೆರೆರೆ ಹೀರುತ್ತಿದ್ದಳು.