ಕಾಕಾ ಬಿಟ್ಟುಹೋದ ಲಿಂಗ

ಇಚಲಕರಂಜಿಯಿಂದ ಕೊಲ್ಹಾಪುರಕ್ಕೆ ಹೋಗುವ ಬಸ್ಸು ಶಿರೋಳಿಯ ಫೌಂಡ್ರಿಗಳ ಮುಂದೆ ನಿಧಾನವಾದಾಗ ಕಾದ ಕಬ್ಬಿಣದ, ಸುಟ್ಟ ಎಣ್ಣೆಯ ವಾಸನೆ ಒಳಗೆ ಬರುತ್ತದೆ. ಓದುತ್ತಿದ್ದ ಪುಸ್ತಕವನ್ನು ಮುಚ್ಚಿಬಿಡುತ್ತೇನೆ. ಕಳೆದುಹೋದವರೊಬ್ಬರ ವಾಸನೆ ನಿಮ್ಮಲ್ಲೂ ಉಳಿದಿರಬಹುದು. ದತ್ತವಾಡದ ನಮ್ಮ ಮನೆ ಇದ್ದಲ್ಲಿ ಈಗ ಕಬ್ಬು ನಿಂತಿದೆ. ಆ ಮನೆಯಲ್ಲಿ ಇದು ಅಪ್ಪನ ತಮ್ಮ ಶಿವಾನಂದ ಕಾಕಾನ ಅಂಗಿಯ ವಾಸನೆಯಾಗಿತ್ತು. ಈ ಶಿರೋಳಿಯಲ್ಲೇ ಲೇಥ್ ಕೆಲಸ ಕಲಿತು ಅವನು ಸರಕು ಹಡಗಿನಲ್ಲಿ ಫಿಟ್ಟರ್ ಆದ. ಹೊರಡುವ ದಿನ ಕೊರಳಿನ ಇಷ್ಟಲಿಂಗ ತೆಗೆದು ನಮ್ಮ ಆಯಿಯ, ಅಂದರೆ ಅಜ್ಜಿಯ, ಮುಂದೆ ಹಿಡಿದ.

"ಎವ್ವಾ, ಶಿವದಾರ ಮಷಿನ್ನಿಗಿ ಸಿಕ್ಕರ ಲಿಂಗನೂ ಹೋಗತೈತಿ, ನಿನ್ನ ಮಗಾನೂ ಹೋಗ್ತಾನ."

"ದೊಡ್ಡ ಸಾಹೇಬ ಆಗ್ಯಾನ ನೋಡ, ದೇವರಿಗೇ ರಜಾ ಕೊಡಾಕತ್ತಾನ!" ಎಂದು ಬೈಯುತ್ತಲೇ ಆಯಿ ಸೆರಗೊಡ್ಡಿದಳು. ಆಮೇಲೆ ನನ್ನ ಕಿವಿಯಲ್ಲಿ ಅಂದಳು: "ಇದು ನನ್ನ ಹಂತ್ಯಾಕ ಇದ್ರ, ತಗೋಳಾಕರೆ ಬರಬೇಕಲ್ಲ ಅಂವಾ."

ಯಾರದೋ ಯುದ್ಧದ ಕ್ಷಿಪಣಿ ಆ ಹಡಗಿಗೆ ಬಡಿಯಿತು. ಹಡಗಿನಲ್ಲಿದ್ದವರು ಒಬ್ಬರೂ ಸಿಗಲಿಲ್ಲ. ಕಾಕಾ ಫೋನಿನಲ್ಲಿ ಅಣಕಿಸುತ್ತಿದ್ದ ರತ್ನಾಗಿರಿಯ ಅಡುಗೆಯವನೂ ಸಿಗಲಿಲ್ಲ. "ಅಡಗಿಯಂವಾನೂ ಹೋದನ? ಮತ್ತ ಅವರೆಲ್ಲ ಏನ್ ಉಣ್ಣತಾರ?" ಎಂದು ಆಯಿ ಬಂದವರನ್ನೆಲ್ಲ ಕೇಳುತ್ತಿದ್ದಳು.

ತಿಂಗಳಾದ ಮೇಲೆ ಮಠದ ಸ್ವಾಮಿಗಳು ಬಂದರು. ನಮ್ಮಲ್ಲಿ ಸತ್ತವರ ಅಂಗೈಯಲ್ಲಿ ಅವರ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. "ದೇಹ ಸಿಗಲಿಲ್ಲಂದ್ರ ಲಿಂಗನರೆ ಮಣ್ಣಿಗೆ ಕೊಡವಾ" ಎಂದರು. ಅಪ್ಪ ಹೊಲದಲ್ಲಿ ಕುಣಿ ತೋಡಿಸಿದ್ದ. ಆಯಿ ಲಿಂಗವಿದ್ದ ಮುಷ್ಟಿಯನ್ನು ಬಿಗಿ ಹಿಡಿದಳು. "ನಾಳೆ ಬಂದು ನನ್ನ ಲಿಂಗ ಎಲ್ಲೈತಿ ಅಂದ್ರ ಏನ್ ಹೇಳ್ಲಿರಿ?" ಬಿಡಿಸಲು ಹೋದ ಅಪ್ಪನ ಕೈ ಕಚ್ಚಿದಳು. ಕಚ್ಚಿದ ಮೇಲೆ ನೆಲಕ್ಕೆ ಕುಸಿದು ಹಣೆ ಬಡಿದುಕೊಂಡಳು. "ನಾನ ಇಟಗೊಂಡ್ನಿ. ಅಂವನ್ನ ಕಾಯೂ ಲಿಂಗಾನ ನಾನ ಕಸಗೊಂಡು ಇಟಗೊಂಡ್ನಿ." ಅವಳ ಬಾಯಿಂದ ಅದೊಂದೇ ಮಾತು, ಸಂಜೆಯವರೆಗೆ. ಬರಿಯ ಕುಣಿಯನ್ನು ಹಾಗೇ ಮುಚ್ಚಿದರು.

ನಾಲ್ಕು ವರ್ಷ ಆಯಿ ದಿನವೂ ಎರಡು ಲಿಂಗಗಳಿಗೆ ನೀರೆರೆದಳು, ತನ್ನದಕ್ಕೆ ಮತ್ತು ಅವನದಕ್ಕೆ. ಅವಳು ಸತ್ತಾಗ ಅಪ್ಪ ಕುಣಿಗಿಳಿದು ಎರಡನ್ನೂ ಅವಳ ಎಡಗೈಯಲ್ಲಿಟ್ಟ. ಸಣ್ಣ ಕೈ, ಬೆರಳುಗಳು ಮುಚ್ಚಲಿಲ್ಲ. ಅಪ್ಪ ತನ್ನ ಅಂಗೈಯನ್ನು ಮೇಲಿಟ್ಟು ಮುಚ್ಚಿ ಹಿಡಿದ. "ಮ್ಯಾಲ ಬಾರಪಾ, ಮಣ್ಣ ಹಾಕಬೇಕು" ಎಂದು ಯಾರೋ ಕರೆದರು. ಮತ್ತೆ ಕರೆದರು. ಅಪ್ಪ ಕೈ ತೆಗೆಯಲಿಲ್ಲ.