ಒಂದೇ ಸಲ ಕೇಳುವ ಹೋಟೆಲು

ಮೊನ್ನೆ ಶನಿವಾರ ಸಂಜೆ ನಮ್ಮ ಮನೆಯ ಐದು ಜನ ಚಿಕ್ಕಮಗಳೂರಿನ ಹೊಸ ಇಂಗ್ಲಿಷ್ ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ಸೂಪು ಬಂತು. ಮೀನು ಬಂತು. ಕೋಳಿ ರೋಸ್ಟ್ ಬಂತು. ಎಲ್ಲವೂ ಬಂದ ದಾರಿಯಲ್ಲೇ ವಾಪಸ್ಸು ಹೋದವು. ನಾವು ಖಾಲಿ ಪ್ಲೇಟಿನ ಮುಂದೆ ಹಸಿದುಕೊಂಡು ಕೂತಿದ್ದೆವು.

ಯಾಕೆ ಅಂತೀರಾ? ನಮ್ಮ ಮರ್ಯಾದೆಯ ದೆಸೆಯಿಂದ.

ಮೊದಲಿಂದ ಹೇಳುತ್ತೇನೆ. ಬಾಳೂರಿನಲ್ಲಿ ತೋಟ ಮಾಡಿಕೊಂಡಿರುವ ನನ್ನ ಅಣ್ಣನ ಮಗಳು ಗಿರಿಜೆ ಈ ಸಲ ಎಸ್.ಎಸ್.ಎಲ್.ಸಿ. ಪಾಸಾದಳು. ನಮ್ಮ ವಂಶದಲ್ಲಿ ಅಷ್ಟು ಓದಿದ ಹೆಣ್ಣು ಅವಳೇ ಮೊದಲು. (ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾನು ಓದಿದ್ದು ಅದಕ್ಕೂ ಕೆಳಗಿನ ಲೋವರ್ ಸೆಕೆಂಡರಿ. ಬಾಕಿಯದನ್ನೆಲ್ಲ ಓದುಗರಾದ ನಿಮ್ಮ ತಲೆ ತಿಂದು ಕಲಿತೆ.) ಅವಳು ಓದಿದ್ದು ಪೇಟೆಯಲ್ಲಿರುವ ನಮ್ಮ ಮನೆಯಲ್ಲಿದ್ದುಕೊಂಡು. ಅಣ್ಣನಿಗೆ ಖುಷಿಯೋ ಖುಷಿ. ಕಾರು ಹತ್ತಿ, ಅತ್ತಿಗೆಯನ್ನೂ ಹತ್ತಿಸಿಕೊಂಡು ಬಂದವನೇ, "ಇವತ್ತು ದೊರೆಗಳ ಹಾಗೆ ಊಟ ಮಾಡಣ" ಅಂದ.

ಹೋಟೆಲು ನಡೆಸುವವರು ಹಿಂದೆ ಬಿಳಿ ದೊರೆಯೊಬ್ಬರ ಎಸ್ಟೇಟ್ ಬಂಗಲೆಯಲ್ಲಿ ಬಟ್ಲರ್ ಆಗಿದ್ದವರು. ಅಡುಗೆಯವರು ನಮ್ಮವರೇ ಎಂದು ಅಣ್ಣ ದಾರಿಯಲ್ಲಿ ಎರಡೆರಡು ಸಲ ಹೇಳಿದ. ಎಂಥ ನಮ್ಮವರು ಎಂದು ಅತ್ತಿಗೆ ಕೇಳಲಿಲ್ಲ. ಅತ್ತಿಗೆಯ ಜಾಣತನ ನನಗೆ ಬಹಳ ಇಷ್ಟ.

ಹೋಟೆಲಿನ ಬಾಗಿಲಲ್ಲಿ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದ.

"ಇನ್ನೊಂದು ಸಂತೋಷ ಉಂಟು. ಗಿರಿಜೆಗೆ ಕಳಸದ ಕಡೆಯ ಸಂಬಂಧ ಕೂಡಿ ಬಂತು. ದೊಡ್ಡ ತೋಟ. ಸೋಮವಾರ ತಾಂಬೂಲ ತಗೊಳ್ಳಿಕ್ಕೆ ಬರ್ತಾರೆ."

"ಹೆಡ್ ಮಾಸ್ತರು ಮೈಸೂರಿಗೆ ಕಳಿಸಿ, ಕಾಲೇಜು ಓದಲಿ ಅಂದಿದ್ರಲ್ಲ?"

"ನಾನು ಅವಳನ್ನೇ ಕೇಳ್ದೆ ಮಾರಾಯ್ತಿ. ಬೇಡ ಅಂದ್ಲು."

ನನಗೆ ಆಶ್ಚರ್ಯವಾಯಿತು. ಊಟದ ತಟ್ಟೆಯ ಪಕ್ಕ ಭೂಗೋಳದ ಪುಸ್ತಕ ಇಟ್ಟುಕೊಂಡು ಸಾರಿಗೂ ಮಜ್ಜಿಗೆಗೂ ವ್ಯತ್ಯಾಸ ತಿಳಿಯದೆ ಉಣ್ಣುವ ಹುಡುಗಿ, ಓದು ಬೇಡ ಅಂದಳೇ? ಆದರೆ ಅಷ್ಟರಲ್ಲಿ ಒಳಗಿಂದ ಕರೆದರು. ಹೋಗಿ ಕೂತೆವು.

ಬಿಳಿ ಬಟ್ಟೆ ಹಾಸಿದ ಮೇಜು. ಒಬ್ಬೊಬ್ಬರ ಮುಂದೆ ಮೂರು ನಮೂನೆಯ ಚಮಚ, ಎರಡು ಚೂರಿ. ಇಷ್ಟು ಆಯುಧ ಇಟ್ಟುಕೊಂಡು ದೊರೆಗಳು ಯಾರ ಮೇಲೆ ಯುದ್ಧಕ್ಕೆ ಹೋಗುತ್ತಾರೋ ಎಂದು ನಾನು ನೋಡುತ್ತಿದ್ದೆ. ಬಟ್ಲರ್ ಖುದ್ದಾಗಿ ಬಂದು ಅಣ್ಣನ ಎಡಗಡೆ ಬಗ್ಗಿ, "ಸೂಪು ಬೇಕಾ ಸ್ವಾಮಿ?" ಅಂದರು.

ಅಣ್ಣ ಏನಂದ? ನೀವಾಗಿದ್ದರೆ ಏನನ್ನುತ್ತಿದ್ದಿರೋ ಅದನ್ನೇ. "ಬೇಡ ಬೇಡ."

ಬಟ್ಲರ್ ಮುಂದೆ ಹೋದರು. ನಮ್ಮ ಮನೆಯವರೂ (ವಕೀಲರು, ಆದರೂ ನಾಚಿಕೆ ಸ್ವಭಾವ) ಬೇಡ ಅಂದರು. ನಾನೂ ಅಂದೆ. ಅತ್ತಿಗೆ ಬಾಳೆಲೆಗೆ ಅಡ್ಡ ಹಿಡಿಯುವ ಹಾಗೆ ಎರಡೂ ಕೈಯನ್ನು ಪ್ಲೇಟಿಗೆ ಅಡ್ಡ ಹಿಡಿದರು. ಗಿರಿಜೆ ತಲೆಯಾಡಿಸಿದಳು. ಸೂಪು ಹೊರಟೇ ಹೋಯಿತು. ಆಮೇಲೆ ಮೀನಿಗೂ ಅದೇ, ಕೋಳಿಗೂ ಅದೇ.

ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ. ನೆಂಟರ ಮನೆಯಲ್ಲಿ ಮೊದಲ ಸಲಕ್ಕೆ ಬೇಡ ಅನ್ನಬೇಕು. ಎರಡನೇ ಸಲಕ್ಕೆ ಕೈ ಅಡ್ಡ ಹಿಡಿಯಬೇಕು. ಮೂರನೇ ಸಲ, "ಅಯ್ಯೋ, ಇಷ್ಟೊಂದು ಯಾರು ತಿಂತಾರೆ" ಅನ್ನುತ್ತ ಹಾಕಿಸಿಕೊಳ್ಳಬೇಕು. ಕೇಳಿದ ಕೂಡಲೇ ಬೇಕು ಅಂದವನು ಹೊಟ್ಟೆಬಾಕ. ಬೇಡ ಅಂದ ಕೂಡಲೇ ಪಾತ್ರೆ ಎತ್ತಿಕೊಂಡು ಹೋದವಳು ಜಿಪುಣಿ. ಬಡಿಸುವವರಿಗೂ ಉಣ್ಣುವವರಿಗೂ ಇದು ಕರಾರು ಇದ್ದ ಹಾಗೆ. ಯಾರೂ ಸಹಿ ಹಾಕಿಲ್ಲ, ಯಾರೂ ಮುರಿದಿಲ್ಲ.

ಕೊನೆಗೆ ಹಸಿವು ತಡೆಯಲಾರದೆ ಅಣ್ಣನೇ ಬಾಯಿಬಿಟ್ಟ. "ಎಂತ ಮಾರಾಯ್ರೆ, ಬೇಡ ಅಂದ್ರೆ ಹೊತ್ಕೊಂಡು ಹೋಗೋದಾ? ಇನ್ನೊಂದ್ಸಲ ಕೇಳೋದಿಲ್ವಾ?"

ಬಟ್ಲರ್ ಗಾಬರಿಯಾದರು. "ಬಂಗಲೆಯಲ್ಲಿ ಬೇಡ ಅಂದವ್ರಿಗೆ ಎರಡನೇ ಸಲ ಕೇಳಿದ್ರೆ ದೊರೆಗೆ ಸಿಟ್ಟು ಬರ್ತಿತ್ತು ಸ್ವಾಮಿ. ನನ್ನ ಮಾತು ಕಿವಿಗೆ ಬೀಳ್ಲಿಲ್ವಾ ಅಂತಿದ್ರು. ಅದೇ ಅಭ್ಯಾಸ ಆಗಿಬಿಟ್ಟಿದೆ."

ನಕ್ಕೆವು. ಪಾಪ, ಅವರೂ ನಕ್ಕರು. ಕೋಳಿ ಮತ್ತೆ ಬಂತು. ಈ ಸಲ ಎಲ್ಲರೂ ಬೇಕು ಅಂದೆವು. ಅತ್ತಿಗೆಗೆ ಮಾತ್ರ ಆ ಶಬ್ದ ಬಾಯಿಂದ ಹೊರಡಲೇ ಇಲ್ಲ. "ಹಾಕಿ ಬಿಡಿ, ಎಂತ ಮಾಡೋದು" ಅಂದರು, ಯಾರೋ ಬಲವಂತ ಮಾಡಿದ ಹಾಗೆ.

ನನಗೆ ಕುತೂಹಲ ಹುಟ್ಟಿದರೆ ಸುಮ್ಮನಿರಲು ಬರುವುದಿಲ್ಲ. ಈ ಅಭ್ಯಾಸ ನಮಗೆ ಎಲ್ಲಿಂದ ಬಂತು? ಹಸಿದವರು ಹಸಿದಿದ್ದೇವೆ ಅನ್ನಲು ಯಾಕೆ ನಾಚಬೇಕು? ಅತ್ತಿಗೆಯನ್ನೇ ಕೇಳಿದೆ.

"ಮನೇಲಿ ನಿಮಗೆ ಮೂರು ಸಲ ಯಾರು ಕೇಳ್ತಾರೆ ಅತ್ತಿಗೆ?"

"ನನಗಾ? ನನಗೆ ಯಾರು ಕೇಳ್ತಾರೆ? ನಾನು ಕೂರೋದೇ ಎಲ್ಲರದ್ದೂ ಆದ್ಮೇಲೆ. ಉಳಿದದ್ದು ಹಾಕ್ಕೊಳ್ತೀನಿ."

ಅತ್ತಿಗೆ ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಕೋಳಿಯನ್ನು ಚೂರಿಯಿಂದ ಕುಯ್ಯಲು ಹೋಗಿ ಸೋತು, ಕೈಯಲ್ಲೇ ಮುರಿಯುತ್ತ ಹೇಳಿದರು. ನಾನೂ ದಿನಾ ಹಾಗೇ ಉಣ್ಣುವವಳು. ಆದರೂ ಇದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ಗಂಡಸರು ಬೇಡ ಅಂದರೆ ಒತ್ತಾಯ ಮಾಡಲು ನಾವಿದ್ದೇವೆ. ನಾವು ಬೇಡ ಅಂದರೆ ಯಾರಿದ್ದಾರೆ?

ಆಗ ಬಾಗಿಲಲ್ಲಿ ಅಣ್ಣ ಹೇಳಿದ ಮಾತು ನೆನಪಾಗಿ ಮನಸ್ಸು ಚುರುಕ್ಕೆಂದಿತು.

"ಅಣ್ಣ, ಮೈಸೂರಿಗೆ ಹೋಗ್ತೀಯಾ ಅಂತ ಗಿರಿಜೆಯನ್ನ ಎಷ್ಟು ಸಲ ಕೇಳಿದ್ದೆ?"

"ಒಂದ್ಸಲ."

"ನಿನಗೆ ಒಂದು ಸೌಟು ಸೂಪಿಗೆ ಎರಡನೇ ಸಲ ಕೇಳಬೇಕು. ಅವಳಿಗೆ ಕಾಲೇಜಿಗೆ ಒಂದೇ ಸಲ ಸಾಕಾ?"

ನಮ್ಮ ಮನೆಯವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಅಣ್ಣ ಕೆಟ್ಟವನಲ್ಲ. ಆದರೆ ಕಳಸಕ್ಕೆ ಮಾತು ಕೊಟ್ಟು ಬಂದಿದ್ದ. ಒಲ್ಲದ ಮನಸ್ಸಿನಿಂದಲೇ ಮಗಳ ಕಡೆ ತಿರುಗಿದ. "ಏನೇ, ಓದ್ತೀಯಾ?"

ಗಿರಿಜೆ ತಾಯಿಯ ಮುಖ ನೋಡಿದಳು, ಪ್ಲೇಟು ನೋಡಿದಳು. "ಬೇಡ ಅಪ್ಪಯ್ಯ."

"ನೋಡ್ದೇನೇ?" ಅಂದ ಅಣ್ಣ, ನನಗೆ. ಅವನಿಗೆ ಹಾಯೆನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ನನಗೆ ಅಳು ಬರುವ ಹಾಗಾಯಿತು. ಇನ್ನು ನಾನು ಹೇಳುವುದು ಏನಿದೆ? ಅವಳೇ ಬೇಡ ಅಂದಳಲ್ಲ, ಅದೂ ಎರಡು ಸಲ.

ಬಟ್ಲರ್ ಪುಡ್ಡಿಂಗ್ ತಂದರು. ಮೊದಲು ಗಿರಿಜೆಯ ಎಡಗಡೆ ಬಗ್ಗಿದರು, ಪಾಸಾದವಳು ಅವಳು ತಾನೇ. "ಬೇಕಾ ಅಮ್ಮ?"

"ಬೇಕು."

ಹಾಕಿಸಿಕೊಂಡಳು. ತಿನ್ನಲಿಲ್ಲ. ಚಮಚ ಕೈಯಲ್ಲೇ ಇತ್ತು. ತಲೆ ಎತ್ತದೆ ಹೇಳಿದಳು. "ಅಪ್ಪಯ್ಯ, ಇನ್ನೊಂದ್ಸಲ ಕೇಳಿ."

ಅಣ್ಣ ಮೀಸೆ ಒರೆಸಿಕೊಂಡ. ನೀರು ಕುಡಿದ. ಅತ್ತಿಗೆ ಅವನನ್ನೇ ನೋಡುತ್ತಿದ್ದರು. ಅಷ್ಟು ನೇರವಾಗಿ ಅವರು ಗಂಡನ ಮುಖ ನೋಡಿದ್ದನ್ನು ನಾನಂತೂ ಕಂಡಿರಲಿಲ್ಲ.

"ಮೈಸೂರಿಗೆ ಹೋಗಿ ಓದ್ತೀಯಾ ಮಗಾ?"

"ಓದ್ತೀನಿ."

ಅಣ್ಣ ಚಮಚ ಕೆಳಗಿಟ್ಟ. "ಕಳಸದವ್ರಿಗೆ ಎಂತ ಹೇಳೋದು?"

ಉತ್ತರ ಕೊಟ್ಟದ್ದು ನಾನಲ್ಲ, ಅತ್ತಿಗೆ. "ಈಗ ಬೇಡ ಅಂತ ಹೇಳಿ."

"ಉಪಚಾರಕ್ಕೆ ಹೇಳ್ತಿದ್ದೀವಿ ಅಂತ ತಿಳ್ಕೊಂಡು ಮತ್ತೆ ಮತ್ತೆ ಕೇಳ್ತಾರೆ ಕಣೇ."

"ಕೇಳ್ಲಿ. ಮೂರು ಸಲಾನೂ ಬೇಡ ಅನ್ನಿ."

ಭಾನುವಾರ ಅಣ್ಣ ಕಾರು ತೆಗೆದುಕೊಂಡು ಕಳಸಕ್ಕೆ ಹೋದ. ಅವರು ಕೇಳಿದರಂತೆ, ಒತ್ತಾಯ ಮಾಡಿದರಂತೆ, ಹುಡುಗನ ಗುಣಗಾನ ಮಾಡಿದರಂತೆ. ಅಣ್ಣ ಬೇಡ ಅನ್ನುತ್ತಲೇ ಇದ್ದನಂತೆ. ಬರುವಾಗ ಮುಖ ಸಣ್ಣದಾಗಿತ್ತು, ಆದರೆ ಮಗಳಿಗೆ ಒಂದು ಟ್ರಂಕು ತಂದಿದ್ದ.

ಆ ಸಂಗತಿ ಅಲ್ಲಿಗೆ ಸುಖವಾಗಿ ಮುಗಿಯಿತು. ನನ್ನ ಕುತೂಹಲ ಮುಗಿದಿಲ್ಲ. ವಾರವಿಡೀ ಒಂದೇ ಯೋಚನೆ. ಓದುತ್ತೀಯಾ ಎಂದು ಗಿರಿಜೆಯನ್ನು ಒಂದು ಸಲವಾದರೂ ಕೇಳಿದ್ದರು. ಕಳಸದ ಹುಡುಗ ಬೇಕಾ ಎಂದು ಆ ಒಂದು ಸಲವೂ ಯಾರೂ ಕೇಳಿರಲಿಲ್ಲವಲ್ಲ, ಯಾಕೆ?